ಬೇಕಾದ ಬರಹ ಹುಡುಕಿಕೊಂಡು ಬರಲಿ: ಫೀಡ್, ಬುಕ್‌ಮಾರ್ಕ್ ಬಳಸುವ ಬಗೆ

ಕನ್ನಡದ ಒಳ್ಳೆಯ ಬ್ಲಾಗುಗಳಲ್ಲಿ ಹಲವು ಅಪರೂಪಕ್ಕೆ ಬರೆಯುವವು. ಶಾಸನ ಓದಿ ವಿವರಿಸುವವರು, ಹಕ್ಕಿ ಹುಳುಗಳ ಬೆನ್ನುಬಿದ್ದವರು, ಬೇರೆ ಭಾಷೆಯ ಕತೆಗಳನ್ನು ಅನುವಾದಿಸುವವರು ತಿಂಗಳಿಗೋ ಎರಡು ತಿಂಗಳಿಗೋ ಒಂದು ಬರಹ ಹಾಕುತ್ತಾರೆ. ಅದರ ಕೊಂಡಿಯನ್ನು ಫೇಸ್‌ಬುಕ್ಕಿಗೆ ಹಾಕಿದರೆ ಯಾರಿಗೆ ಕಾಣಬೇಕು, ಯಾರಿಗೆ ಬೇಡ ಎನ್ನುವುದು ಕಂಪನಿಯ ಲೆಕ್ಕಾಚಾರಕ್ಕೆ ಬಿಟ್ಟದ್ದು. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಎಲ್ಲೋ ಮೇಲೆ ಹೋಗಿರುತ್ತದೆ. ವಾರಗಟ್ಟಲೆ ಕೂತು ಬರೆದದ್ದು ಅದನ್ನು ಓದಲು ಕಾದಿದ್ದವರಿಗೇ ತಲುಪುವುದಿಲ್ಲ.

ಇದಕ್ಕೊಂದು ಪರಿಹಾರ 1999ರಿಂದಲೂ ಇದೆ: ಆರ್‌ಎಸ್‌ಎಸ್ ಫೀಡ್. ನೆಟ್‌ಸ್ಕೇಪ್ ಕಂಪನಿಯಲ್ಲಿ ಇದನ್ನು ರೂಪಿಸಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. ಇದರ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವಾಗ ‘ಫೀಡ್’ ಎಂಬ ಪದವನ್ನು ಮರೆಯದೆ ಸೇರಿಸಬೇಕು. ಇಲ್ಲವಾದರೆ ಅದೇ ಹೆಸರಿನ ಸಂಘಟನೆಯ ಸುದ್ದಿಗಳೇ ಬರುತ್ತವೆ.

ಫೀಡ್ ಎಂದರೆ ಜಾಲತಾಣವೊಂದು ತನ್ನ ಹೊಸ ಬರಹಗಳ ಪಟ್ಟಿಯನ್ನು ಬರೆದಿಡುವ ಪುಟ್ಟ ಕಡತ. ಶೀರ್ಷಿಕೆ, ಕೊಂಡಿ, ದಿನಾಂಕ, ನಾಲ್ಕು ಸಾಲಿನ ಸಾರಾಂಶ ಅಥವಾ ಇಡೀ ಬರಹ ಅದರಲ್ಲಿರುತ್ತದೆ. ‘ಫೀಡ್ ರೀಡರ್’ ಎಂಬ ಆ್ಯಪ್ ಆಗಾಗ ಹೋಗಿ ಈ ಕಡತವನ್ನು ನೋಡಿಕೊಂಡು, ಹೊಸದಿದ್ದರೆ ತಂದಿಡುತ್ತದೆ. ತಾಣಕ್ಕೆ ಇಮೇಲ್ ಕೊಡಬೇಕಿಲ್ಲ, ಫೋನ್ ನಂಬರ್ ಕೊಡಬೇಕಿಲ್ಲ. ಬರಹಗಳು ಪ್ರಕಟವಾದ ಕ್ರಮದಲ್ಲೇ ಕಾಣುತ್ತವೆ. ಎರಡು ತಿಂಗಳ ಮೌನದ ನಂತರ ಬಂದ ಬರಹವೂ ತಪ್ಪಿಹೋಗುವುದಿಲ್ಲ. ಪಾಡ್‌ಕಾಸ್ಟ್‌ಗಳ ಹೊಸ ಕಂತು ಕೇಳುಗರ ಫೋನಿಗೆ ಬಂದು ಬೀಳುವುದರ ಹಿಂದೆ ಇರುವುದೂ ಇದೇ ತಂತ್ರ.

ಡೈಲಿಹಂಟ್, ಗೂಗಲ್ ನ್ಯೂಸ್‌ನಂಥ ಸುದ್ದಿ ಸಂಗ್ರಾಹಕಗಳ ದಾರಿ ಬೇರೆ. ಅವು ನೂರಾರು ಮೂಲಗಳಿಂದ ಸುದ್ದಿ ಒಟ್ಟುಮಾಡಿ, ಓದುಗ ಹಿಂದೆ ಏನೇನು ಒತ್ತಿದ್ದಾನೆ ಎಂಬುದನ್ನು ನೋಡಿ ಮುಂದಿನದನ್ನು ಆರಿಸಿಕೊಡುತ್ತವೆ. ಎಲ್ಲಿ ಮಳೆ ಬಂತು, ಯಾವ ಪಂದ್ಯದಲ್ಲಿ ಯಾರು ಗೆದ್ದರು ಎಂದು ತಿಳಿಯಲು ಅಷ್ಟು ಸಾಕು. ಆದರೆ ಏನು ಓದಬೇಕೆಂಬ ಆಯ್ಕೆಯನ್ನೂ ಅವುಗಳಿಗೆ ಬಿಟ್ಟುಕೊಡುವುದು ಒಳ್ಳೆಯದಲ್ಲ. ಒಮ್ಮೆ ಒಬ್ಬ ನಟನ ಸುದ್ದಿ ಒತ್ತಿದವರಿಗೆ ವಾರವಿಡೀ ಆ ನಟನದೇ ಸುದ್ದಿ ಬರಬಹುದು. ದಿನದ ಸುದ್ದಿಗೆ ಪತ್ರಿಕೆ ಅಥವಾ ಸಂಗ್ರಾಹಕ, ನಿಧಾನವಾಗಿ ಬರುವ ಬರಹಕ್ಕೆ ಫೀಡ್ ಎಂದು ಹಂಚಿಕೊಂಡರೆ ಎರಡೂ ಹಗುರ.

ಮೊದಲು ಒಂದು ರೀಡರ್

ಆ್ಯಂಡ್ರಾಯ್ಡ್ ಫೋನಿಗೆ ‘ಫೀಡರ್’, ಐಫೋನ್ ಮತ್ತು ಮ್ಯಾಕ್‌ಗೆ ‘ನೆಟ್‌ನ್ಯೂಸ್‌ವೈರ್’ ಒಳ್ಳೆಯವು. ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಖಾತೆ ತೆರೆಯದೆಯೂ ಬಳಸಬಹುದು. ಕಂಪ್ಯೂಟರಿನಲ್ಲಿ ಇಮೇಲ್‌ಗೆ ಥಂಡರ್‌ಬರ್ಡ್ ಬಳಸುವವರಿಗೆ ಅದರಲ್ಲೇ ಫೀಡ್ ಓದುವ ಸೌಲಭ್ಯವಿದೆ. ಫೋನು, ಕಂಪ್ಯೂಟರ್ ಎರಡರಲ್ಲೂ ಒಂದೇ ಪಟ್ಟಿ ಬೇಕೆನ್ನುವವರು ಫೀಡ್ಲಿ ಅಥವಾ ಐನೋರೀಡರ್‌ನಲ್ಲಿ ಖಾತೆ ತೆರೆಯಬಹುದು.

ಫೀಡರ್ ಆ್ಯಪ್‌ನಲ್ಲಿ ಮೂಲೆಯ ಮೂರು ಚುಕ್ಕಿ ಒತ್ತಿದರೆ ಫೀಡ್ ಸೇರಿಸುವ ಆಯ್ಕೆ ಸಿಗುತ್ತದೆ. ಅಲ್ಲಿ ತಾಣದ ವಿಳಾಸ ಅಂಟಿಸಿ ಹುಡುಕಲು ಹೇಳಬೇಕು. ಉದಾಹರಣೆಗೆ, 2013ರಲ್ಲಿ ಶುರುವಾದ, ಮಹಾಪ್ರಾಣ ಬಿಟ್ಟು ಬರೆಯುವ ‘ಹೊನಲು’ ಜಾಲತಾಣದ ವಿಳಾಸ ಹಾಕಿದರೆ ಅದರ ಫೀಡ್ ಪಟ್ಟಿಯಲ್ಲಿ ಬರುತ್ತದೆ. ಒತ್ತಿದರೆ ಹೆಸರು, ಟ್ಯಾಗ್ ಕೇಳುವ ಪರದೆ ತೆರೆದುಕೊಳ್ಳುತ್ತದೆ. ಟ್ಯಾಗ್ ಜಾಗದಲ್ಲಿ ‘ಕನ್ನಡ’ ಅಥವಾ ‘ವಿಜ್ಞಾನ’ ಎಂದು ಬರೆದರೆ ಆ ಹೆಸರಿನ ಗುಂಪೊಂದು ತಯಾರಾಗುತ್ತದೆ. ಕೆಲವು ತಾಣಗಳು ಫೀಡಿನಲ್ಲಿ ಸಾರಾಂಶವನ್ನಷ್ಟೇ ಕೊಡುತ್ತವೆ. ಅಂಥವುಗಳಿಗೆ ಪೂರ್ಣ ಬರಹ ತರುವ ಆಯ್ಕೆಯನ್ನು ಇಲ್ಲೇ ಚಾಲೂ ಮಾಡಬೇಕು. ಬರಹವನ್ನು ಗಟ್ಟಿಯಾಗಿ ಓದಿಸುವ ಗುಂಡಿಯೂ ಈ ಆ್ಯಪ್‌ನಲ್ಲಿದೆ. ಫೋನಿಗೆ ಕನ್ನಡದ ಧ್ವನಿ ಇಳಿಸಿಕೊಂಡಿದ್ದರೆ ಕಣ್ಣು ಮಂಜಾದ ಹಿರಿಯರಿಗೆ ಇದು ದೊಡ್ಡ ಉಪಕಾರ.

ವಿಳಾಸ ಹಾಕಿದರೂ ಫೀಡ್ ಸಿಗಲಿಲ್ಲವೆಂದರೆ ಅಲ್ಲಿಗೇ ಕೈಬಿಡಬಾರದು. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ ಬಹುಮಟ್ಟಿಗೆ ಸಿಕ್ಕೇಬಿಡುತ್ತದೆ. ಅಲ್ಲಿನ ಪುಸ್ತಕ ವಿಮರ್ಶೆ ವಿಭಾಗ ಮಾತ್ರ ಸಾಕೆನ್ನುವವರು ಆ ವಿಭಾಗದ ಪುಟದ ವಿಳಾಸಕ್ಕೆ ಇದೇ ಬಾಲ ಅಂಟಿಸಬಹುದು. ಬ್ಲಾಗ್‌ಸ್ಪಾಟ್ ಆದರೆ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಎಂಬ ಮೂರು ಪದಗಳನ್ನು ನಡುವೆ ಓರೆಗೆರೆ ಇಟ್ಟು ಬರೆಯಬೇಕು. ಸಬ್‌ಸ್ಟ್ಯಾಕ್ ಪತ್ರಗಳಿಗೂ ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ.

ವಿಕಿಪೀಡಿಯದಲ್ಲೂ ಇದೆ, ಹೆಚ್ಚಿನವರು ಗಮನಿಸಿರುವುದಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ತಮ್ಮೂರಿನ ಬಗ್ಗೆ ಇರುವ ಲೇಖನದ ಇತಿಹಾಸ ಪುಟ ತೆರೆದು, ಪಕ್ಕದ ಉಪಕರಣಗಳ ಪಟ್ಟಿಯಲ್ಲಿ ‘ಆಟಮ್’ ಎಂಬ ಕೊಂಡಿಯನ್ನು ರೀಡರಿಗೆ ಹಾಕಿಕೊಂಡರೆ, ಯಾರು ಯಾವಾಗ ಅದನ್ನು ತಿದ್ದಿದರೂ ತಿಳಿಯುತ್ತದೆ. ಆಟಮ್ ಎನ್ನುವುದು ಆರ್‌ಎಸ್‌ಎಸ್‌ನದೇ ಕೆಲಸ ಮಾಡುವ ಇನ್ನೊಂದು ಮಾದರಿ.

ಉತ್ಸಾಹದಲ್ಲಿ ಎಲ್ಲ ದಿನಪತ್ರಿಕೆಗಳ ಫೀಡುಗಳನ್ನೂ ಸೇರಿಸಿಕೊಂಡರೆ ಕೆಲಸ ಕೆಟ್ಟಿತು. ನೂರಾರು ಸುದ್ದಿಗಳ ನಡುವೆ ಅಪರೂಪದ ಬ್ಲಾಗು ಮತ್ತೆ ಮುಳುಗುತ್ತದೆ. ಹತ್ತಿಪ್ಪತ್ತು ಮೂಲ ಇಟ್ಟುಕೊಂಡು, ತಿಂಗಳಲ್ಲಿ ಒಮ್ಮೆಯೂ ತೆರೆಯದವನ್ನು ತೆಗೆಯುತ್ತಾ ಹೋಗುವುದು ವಾಸಿ.

ಓದಿದ್ದನ್ನು ಎತ್ತಿಡುವುದು

ಫೀಡು ಹೊಸದನ್ನು ತರುತ್ತದೆ. ಆರು ತಿಂಗಳ ಹಿಂದೆ ಓದಿದ್ದು ಇಂದು ಬೇಕಾದಾಗ? ಬ್ರೌಸರಿನ ಬುಕ್‌ಮಾರ್ಕ್ ಹೆಚ್ಚಿದಂತೆ ಹುಡುಕುವುದು ಕಷ್ಟ. 2003ರಲ್ಲಿ ಅಮೆರಿಕದ ಜೋಶುವಾ ಶಾಕ್ಟರ್ ಶುರುಮಾಡಿದ ‘ಡೆಲಿಶಿಯಸ್’ ಇದಕ್ಕೆ ಹೊಸ ದಾರಿ ತೋರಿಸಿತು. ಬುಕ್‌ಮಾರ್ಕುಗಳು ಸ್ವಂತ ಕಂಪ್ಯೂಟರಿನಲ್ಲಿರದೆ ಅಂತರ್ಜಾಲದಲ್ಲೇ ಇರುತ್ತಿದ್ದವು. ಪ್ರತಿಯೊಂದಕ್ಕೂ ಬೇಕಾದಷ್ಟು ಟ್ಯಾಗ್ ಹಚ್ಚಬಹುದಿತ್ತು. ಅದೇ ಟ್ಯಾಗಿನಡಿ ಬೇರೆಯವರು ಏನು ಕೂಡಿಟ್ಟಿದ್ದಾರೆಂದು ನೋಡಬಹುದಿತ್ತು. ಆ ಕೆಲಸಕ್ಕೆ ಈಗ ‘ರೇನ್‌ಡ್ರಾಪ್’ ಅನುಕೂಲಕರ. ಉಚಿತ ಖಾತೆಯಲ್ಲೇ ಎಷ್ಟು ಕೊಂಡಿಗಳನ್ನಾದರೂ ಉಳಿಸಬಹುದು.

ಶಿರಸಿ ಕಡೆಯ ಬೆಳೆಗಾರರೊಬ್ಬರು ಅಡಿಕೆಯ ಎಲೆಚುಕ್ಕಿ ರೋಗ, ಕೊಳೆರೋಗದ ಬಗ್ಗೆ ಮಾಹಿತಿ ಕೂಡಿಡುತ್ತಿದ್ದಾರೆ ಎಂದುಕೊಳ್ಳೋಣ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪುಟವೊಂದು ಸಿಕ್ಕಿದೆ. ಫೋನಿನ ಬ್ರೌಸರಿನಲ್ಲಿ ಹಂಚಿಕೊಳ್ಳುವ ಗುಂಡಿ ಒತ್ತಿ ರೇನ್‌ಡ್ರಾಪ್ ಆರಿಸಿದರೆ ಕೊಂಡಿ ಉಳಿಯುತ್ತದೆ. ಕೊಂಡಿ ಉಳಿದರೆ ಸಾಲದು, ಅದನ್ನು ಯಾಕೆ ಉಳಿಸಿದ್ದು ಎಂಬುದನ್ನೂ ಟಿಪ್ಪಣಿ ಜಾಗದಲ್ಲಿ ಆಗಲೇ ಬರೆಯಬೇಕು: ‘ಕೊಳೆರೋಗಕ್ಕೆ ಶೇ 1ರ ಬೋರ್ಡೋ, 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ.’ ಮಳೆಗಾಲದಲ್ಲಿ ತೋಟದಲ್ಲಿ ನಿಂತು ಹುಡುಕುವಾಗ ಪುಟವನ್ನೇ ತೆರೆಯದೆ ಕೆಲಸ ಮುಗಿಯುತ್ತದೆ.

ಟ್ಯಾಗ್ ಹಚ್ಚುವಾಗ ಕನ್ನಡದವರು ವಿಶೇಷ ಎಚ್ಚರ ವಹಿಸಬೇಕು. ಒಬ್ಬರೇ ಒಂದು ದಿನ ‘ಅಡಿಕೆ’ ಎಂದೂ ಇನ್ನೊಂದು ದಿನ ‘ಅಡಕೆ’ ಎಂದೂ ಬರೆದರೆ ಯಂತ್ರದ ಪಾಲಿಗೆ ಅವು ಎರಡು ಬೇರೆ ವಸ್ತುಗಳು. ‘ಪುಸ್ತಕ’, ‘ಪುಸ್ತಕಗಳು’ ಕೂಡ ಹಾಗೆಯೇ. ಏಕವಚನವೇ ಇರಲಿ, ಒಂದೇ ಕಾಗುಣಿತವೇ ಇರಲಿ ಎಂದು ಶುರುವಿನಲ್ಲೇ ನಿಶ್ಚಯಿಸಿಕೊಳ್ಳಬೇಕು. ಹೊಸ ಟ್ಯಾಗ್ ಬರೆಯಹೊರಟಾಗ ಆ್ಯಪ್ ಹಳೆಯವನ್ನು ಸೂಚಿಸುತ್ತದೆ. ಅದರಿಂದಲೇ ಆರಿಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಸಂಗ್ರಹವನ್ನು ಸಾರ್ವಜನಿಕ ಮಾಡಿದರೆ ಅದಕ್ಕೊಂದು ವಿಳಾಸ ಸಿಗುತ್ತದೆ, ಫೀಡ್ ಕೂಡ ಸಿಗುತ್ತದೆ. ಆ ಬೆಳೆಗಾರರ ಅಕ್ಕಪಕ್ಕದ ತೋಟದವರು ಫೀಡನ್ನು ತಮ್ಮ ರೀಡರಿಗೆ ಹಾಕಿಕೊಂಡರೆ ಹೊಸದಾಗಿ ಸೇರಿಸಿದ್ದೆಲ್ಲ ಅವರಿಗೂ ಬರುತ್ತದೆ. ಹೈಸ್ಕೂಲಿನ ಶಿಕ್ಷಕರು ಪಾಠಕ್ಕೊಂದರಂತೆ ಇಂಥ ಸಂಗ್ರಹ ಕಟ್ಟಿದರೆ ಮಕ್ಕಳು ಗೂಗಲ್‌ನಲ್ಲಿ ಅಲೆಯುವುದು ತಪ್ಪುತ್ತದೆ. ಸಾರ್ವಜನಿಕ ಮಾಡುವ ಮುನ್ನ ಬ್ಯಾಂಕು, ಆಸ್ಪತ್ರೆ ಸಂಬಂಧದ ಖಾಸಗಿ ಕೊಂಡಿಗಳು ಅದರೊಳಗೆ ಸೇರಿಲ್ಲವಷ್ಟೇ ಎಂದು ನೋಡಿಕೊಳ್ಳಬೇಕು.

ಪಟ್ಟಿಯ ಪ್ರತಿ ಕೈಯಲ್ಲಿರಲಿ

ಈ ಸೇವೆಗಳು ಮುಚ್ಚುವುದು ಹೊಸದೇನಲ್ಲ. 2005ರಲ್ಲಿ ಬಂದ ಗೂಗಲ್ ರೀಡರ್ ಬಳಕೆದಾರರ ಪ್ರತಿಭಟನೆಯ ನಡುವೆಯೂ 2013ರ ಜುಲೈ 1ರಂದು ನಿಂತಿತು. ಡೆಲಿಶಿಯಸ್ ಯಾಹೂ ಸೇರಿದಂತೆ ಹಲವರ ಕೈ ಬದಲಿಸಿ 2017ರಲ್ಲಿ ಪಿನ್‌ಬೋರ್ಡ್ ಎಂಬ ಇನ್ನೊಂದು ಬುಕ್‌ಮಾರ್ಕ್ ಸೇವೆಯ ಪಾಲಾಯಿತು. ಆಮೇಲೆ ಓದಲೆಂದು ಬರಹ ಎತ್ತಿಡಲು ಜನ ನೆಚ್ಚಿಕೊಂಡಿದ್ದ ‘ಪಾಕೆಟ್’ ಅನ್ನು ಮೊಜಿಲ್ಲಾ 2025ರ ಜುಲೈ 8ರಂದು ನಿಲ್ಲಿಸಿ, ಕೂಡಿಟ್ಟದ್ದನ್ನು ಇಳಿಸಿಕೊಳ್ಳಲು ಗಡುವು ಕೊಟ್ಟಿತು. ಅದನ್ನು ಗಮನಿಸದವರ ಸಂಗ್ರಹ ಹೋಯಿತು.

ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ತೆಗೆದಿಟ್ಟುಕೊಳ್ಳಬೇಕು. ರೀಡರಿನ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಒಪಿಎಂಎಲ್ ಎಂಬ ಬಗೆಯ ಒಂದೇ ಕಡತದಲ್ಲಿ ಎಲ್ಲ ಫೀಡುಗಳ ಪಟ್ಟಿ ಇಳಿಯುತ್ತದೆ. ಬೇರಾವುದೇ ರೀಡರಿಗೆ ಅದನ್ನು ‘ಇಂಪೋರ್ಟ್’ ಮಾಡಿದರೆ ಪಟ್ಟಿ ಹಾಗೇ ಬಂದು ಕೂರುತ್ತದೆ. ಗೆಳೆಯರಿಗೆ ಕಳಿಸಿಕೊಟ್ಟರೆ ಅವರೂ ಅಲ್ಲಿಂದಲೇ ಶುರುಮಾಡಬಹುದು. ರೇನ್‌ಡ್ರಾಪ್‌ನಲ್ಲೂ ಹೀಗೆ ಇಳಿಸಿಕೊಳ್ಳಬಹುದು.

ಕೊಂಡಿ ಉಳಿದರೂ ಆ ಪುಟವೇ ಅಳಿದುಹೋದರೆ ಏನು ಮಾಡುವುದು? ಮುಖ್ಯವೆನಿಸಿದ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷಿನ್’ ತಾಣದಲ್ಲಿ ಪುಟ ಉಳಿಸುವ ಜಾಗಕ್ಕೆ ಅಂಟಿಸಿದರೆ ಅದರ ಅಂದಿನ ಪ್ರತಿಯೊಂದು ಅಲ್ಲಿ ಸೇರುತ್ತದೆ. ದಿನಾಂಕ ಸಮೇತ ಹೊಸ ವಿಳಾಸ ದೊರೆಯುತ್ತದೆ. ಆ ವಿಳಾಸವನ್ನು ಬುಕ್‌ಮಾರ್ಕಿನ ಟಿಪ್ಪಣಿಯಲ್ಲಿ ಬರೆದಿಡಬೇಕು. ಲಾಗಿನ್ ಆಗಿ ಮಾತ್ರ ನೋಡಬಹುದಾದ ಪುಟಗಳು ಹೀಗೆ ಸೇರುವುದಿಲ್ಲ. ಅಂಥವನ್ನು ಪಿಡಿಎಫ್ ಮಾಡಿ ತಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬೇಕು.