ಬೆಳಗಿನ ಜಾವ ಎಲ್ಕ್ ಎಲ್ಲಿಗೆ ಹೊರಡುತ್ತೆ?

ಮಕ್ಕಳೇ, ಸೆಪ್ಟೆಂಬರ್ ಬಂತೆಂದರೆ ಡೆನ್ವರ್ ಕಡೆಯ ನಮ್ಮವರು ಎಲ್ಕ್ ನೋಡೋಕೆ ಎಸ್ಟೆಸ್ ಪಾರ್ಕ್‌ಗೆ ಹೊರಡ್ತಾರೆ. ಆರಾಮಾಗಿ ತಿಂಡಿ ಮುಗಿಸಿ, ಹತ್ತು ಗಂಟೆಗೆ ತಲುಪಿದರೆ ಎಷ್ಟೋ ಸಲ ಹುಲ್ಲುಗಾವಲು ಖಾಲಿ! ಎಲ್ಲಿ ಹೋದವು?

ಎಲ್ಕ್ ನಮ್ಮ ಬಂಡೀಪುರದ ಕಡವೆಯ ನೆಂಟ. ದೊಡ್ಡ ಗಂಡು 300 ಕಿಲೋ ದಾಟುತ್ತೆ. (ಯುರೋಪಿನಲ್ಲಿರುವ ಅಣ್ಣ ಅಕ್ಕಂದಿರಿಗೆ ‘ಎಲ್ಕ್ ನೋಡಿದೆ’ ಅಂದರೆ ಅವರು ಮೂಸ್ ಅಂದುಕೊಳ್ತಾರೆ, ಹುಷಾರು. ಅಲ್ಲಿ ಆ ಹೆಸರು ಮೂಸ್‌ಗೆ ಸೇರಿದ್ದು.) ರಾತ್ರಿ ಮತ್ತು ಮುಂಜಾನೆ ಬಯಲಲ್ಲಿ ಮೇಯುತ್ತೆ, ಬಿಸಿಲೇರಿದ ಹಾಗೆ ಮರಗಳ ನೆರಳಿಗೆ ಹೋಗಿ ಮಲಗಿ, ಹಸುವಿನ ಥರ ಮೆಲುಕು ಹಾಕುತ್ತೆ.

ಯಾವಾಗ ಹೊರಡಬೇಕು ಅನ್ನೋದರಲ್ಲಿ ಹವೆಯ ಪಾತ್ರ ದೊಡ್ಡದು. ಸೆಪ್ಟೆಂಬರಿನಲ್ಲಿ ಅದರ ಮೈಮೇಲೆ ಚಳಿಗಾಲದ ದಪ್ಪ ಕೂದಲು ಬೆಳೀತಾ ಇರುತ್ತೆ. ಸ್ವೆಟರ್ ಹಾಕ್ಕೊಂಡು ಬಿಸಿಲಲ್ಲಿ ನಿಂತ ಹಾಗೆ! ಆಕಾಶ ತಿಳಿಯಾಗಿ ಸೆಕೆಯಿದ್ದರೆ ಬೇಗ ಕಾಡು ಸೇರುತ್ತೆ. ಮೋಡ ಮುಚ್ಚಿ ತಂಪಾಗಿದ್ದರೆ ಇನ್ನಷ್ಟು ಹೊತ್ತು ಮೇಯುತ್ತೆ.

ನನಗೆ ತುಂಬಾ ಇಷ್ಟವಾದ ಪಾಠ ಗಾಳಿಯದು. ರಾತ್ರಿ ಬೆಟ್ಟದ ಇಳಿಜಾರು ತಣ್ಣಗಾಗುತ್ತೆ. ತಣ್ಣನೆಯ ಗಾಳಿ ಭಾರ, ಹಾಗಾಗಿ ಅದು ನೀರಿನಂತೆ ಕೆಳಗೆ ಕಣಿವೆಗೆ ಹರಿಯುತ್ತೆ. ಮುಂಜಾನೆ ಎಲ್ಕ್ ಮೇಲಿನ ಕಾಡಿನ ಕಡೆ ಹತ್ತುವಾಗ ಆ ಗಾಳಿ ಎದುರಿಗೇ ಬರುತ್ತೆ. ಮುಂದೆ ಪೂಮಾ ಹೊಂಚು ಹಾಕಿದ್ದರೆ ಕಣ್ಣಿಗೆ ಕಾಣೋ ಮೊದಲೇ ಮೂಗಿಗೆ ಗೊತ್ತಾಗಬಹುದು! ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ ಗಾಳಿ ತಿರುಗಿ ಮೇಲಕ್ಕೆ ಏರುತ್ತೆ. ಅಷ್ಟರಲ್ಲಿ ಎಲ್ಕ್ ಮೇಲೆ ಮಲಗಿರುತ್ತೆ, ಕೆಳಗಿನ ವಾಸನೆ ಅಲ್ಲಿಗೇ ಬರುತ್ತೆ. ಬಿರುಗಾಳಿ ಇಲ್ಲದ ದಿನ ಕಣಿವೆಯಲ್ಲಿ ನಿಂತು ನೋಡಿ, ಈ ಬದಲಾವಣೆ ನಿಮ್ಮ ಕೆನ್ನೆಗೂ ತಿಳಿಯುತ್ತೆ.

ಚಳಿಗಾಲದ ಕಥೆ ಬೇರೆ. ಎತ್ತರದಲ್ಲಿ ಹಿಮ ದಪ್ಪವಾದರೆ ಹುಲ್ಲು ಸಿಗಲ್ಲ; ಹಿಂಡು ಕೆಳಗಿಳಿಯುತ್ತೆ, ಇಲ್ಲವೇ ಬಿಸಿಲು ಬೀಳೋ ದಕ್ಷಿಣದ ಇಳಿಜಾರು ಹುಡುಕುತ್ತೆ.

ಅಪ್ಪ ಅಮ್ಮಂದಿರೇ, ಸೆಪ್ಟೆಂಬರ್ ಮಧ್ಯದ ನಂತರ ಸೂರ್ಯ ಹುಟ್ಟೋದು ಸುಮಾರು 6.45ಕ್ಕೆ, ದಾರಿ ಒಂದೂವರೆ ಗಂಟೆ. ಐದಕ್ಕೇ ಹೊರಡಿ, ತಿಂಡಿ ಡಬ್ಬಿಯಲ್ಲಿ ಇರಲಿ. ಆ ದಿನಗಳಲ್ಲಿ ಗಂಡು ಎಲ್ಕ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ, ಜೂನ್‌ನಲ್ಲಿ ಮರಿ ಹಾಕಿದ ತಾಯಿಗೂ ಅಷ್ಟೇ. 75 ಅಡಿ, ಅಂದರೆ ಎರಡು ಬಸ್ಸುಗಳ ಉದ್ದದಷ್ಟಾದರೂ ದೂರ ನಿಲ್ಲಬೇಕು. ಮಕ್ಕಳೇ, ಅಳತೆಪಟ್ಟಿ ಬೇಡ: ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಎಲ್ಕ್ ಮೇಲೆ ಹಿಡೀರಿ. ಅದು ಪೂರ್ತಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ, ಮೆಲ್ಲಗೆ ಹಿಂದೆ ಸರೀರಿ. ಫೋಟೋ ತೆಗೆಯೋಕೆ ಕಾರಿನ ಕಿಟಕಿಯೇ ಸಾಕು.