ಬಾಡಿಗೆಯ ಕಟ್ಟಡಗಳಲ್ಲಿ ತಂಪು ಮತ್ತು ಬಿಸಿನೀರು: ವಿದ್ಯುತ್ತಿನ ಮಿತವ್ಯಯ

ಬೆಂಗಳೂರು ದಂಡುಪ್ರದೇಶದ ಆಚೆಗಿರುವ ಲಿಂಗರಾಜಪುರವು ಒಂದು ಕಾಲಕ್ಕೆ ನಗರದ ಹೊರಗಿನ ಗ್ರಾಮವಾಗಿತ್ತು. ಈಗ ಅದು ನಗರದೊಳಗೆ ಸೇರಿಹೋಗಿ, ಅಲ್ಲಿ ಅಂಗಡಿ, ಕಛೇರಿ, ವಸತಿಗೃಹಗಳು ಎದ್ದಿವೆ. ಇದೇ ಮಾರ್ಪಾಡು ನಗರದ ಸುತ್ತಣ ಅನೇಕ ಗ್ರಾಮಗಳಲ್ಲಿ ನಡೆಯುತ್ತಲಿದೆ. ರಸ್ತೆಯ ಬದಿಯ ಜಮೀನಿನಲ್ಲಿ ಬಾಡಿಗೆಗೆಂದು ಕಟ್ಟಡವನ್ನೆಬ್ಬಿಸುವ ಜಮೀನುದಾರರು ಒಂದು ಸಂಗತಿಯನ್ನು ಮೊದಲೇ ಯೋಚಿಸತಕ್ಕದ್ದು. ಚಾವಣಿಯನ್ನೂ ಗೋಡೆಯನ್ನೂ ನಿಶ್ಚಯಿಸುವವನು ಮಾಲೀಕ; ವಿದ್ಯುತ್ತಿನ ಹಣವನ್ನು ತೆರುವವನು ಬಾಡಿಗೆದಾರ. ಆದಕಾರಣ, ಕಟ್ಟುವಾಗ ಉಳಿಸಿದ ಅಲ್ಪ ಹಣಕ್ಕಾಗಿ ಕಟ್ಟಡವು ನಿಂತಿರುವಷ್ಟು ಕಾಲವೂ ಮತ್ತೊಬ್ಬನು ದಂಡ ತೆರಬೇಕಾಗುತ್ತದೆ. ಕೊನೆಗೆ ನಷ್ಟವು ಮಾಲೀಕನಿಗೂ ತಟ್ಟುವುದು. ಬೇಸಗೆಯಲ್ಲಿ ಕಾದ ಮಳಿಗೆಯಲ್ಲಿ ಬಾಡಿಗೆದಾರರು ಬಹುಕಾಲ ನಿಲ್ಲರು.

ರೈತರಿಗೂ ಇದರಲ್ಲಿ ಸಂಬಂಧವುಂಟು. 2023ರ ಬರಗಾಲದಲ್ಲಿ ರಾಜ್ಯದೊಳಗೆ ವಿದ್ಯುತ್ತಿನ ಅಭಾವವುಂಟಾಗಿ, ನೀರಾವರಿಯ ಪಂಪುಗಳಿಗೆ ವಿದ್ಯುತ್ತು ಕೊಡುವ ಗಂಟೆಗಳನ್ನು ಕಡಮೆಮಾಡಬೇಕಾಯಿತು. ಪೇಟೆಯ ಯಂತ್ರಕ್ಕೂ ಹೊಲದ ಪಂಪಿಗೂ ವಿದ್ಯುತ್ತು ಬರುವುದು ಒಂದೇ ಜಾಲದಿಂದ.

ಶಾಖವು ಒಳಹೊಗುವ ಬಗೆ

ಎ.ಸಿ. ಎಂದು ಕರೆಯುವ ಯಂತ್ರವು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಒಳಕ್ಕೆ ಬಂದ ಶಾಖವೆಷ್ಟೋ ಅಷ್ಟಕ್ಕೂ ಕೂಲಿ ಕೊಡಬೇಕು. ಆದುದರಿಂದ ಶಾಖವನ್ನು ಬಾಗಿಲಾಚೆಯೇ ತಡೆಯುವುದು ಮೊದಲನೆಯ ಕೆಲಸ.

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯದಲ್ಲಿಯೂ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇರುತ್ತಾನೆ. ಹೀಗಾಗಿ ಬೇಸಗೆಯ ಬಿಸಿಲಿನ ಹೆಚ್ಚಿನ ಪಾಲು ಬೀಳುವುದು ಚಾವಣಿಗೆ. ಹೊದಿಕೆಯಿಲ್ಲದ ಕಾಂಕ್ರೀಟು ಹಗಲೆಲ್ಲ ಶಾಖವನ್ನು ಹೀರಿ, ಸಂಜೆಯ ವ್ಯಾಪಾರದ ಹೊತ್ತಿಗೆ ಕೋಣೆಯೊಳಕ್ಕೆ ಬಿಡುತ್ತದೆ. ಚಾವಣಿಗೆ ಬಿಳಿಯ ಹೆಂಚುಬಿಲ್ಲೆಯನ್ನು ಹಾಸಿದರೆ, ಅಥವಾ ಸುಣ್ಣವನ್ನಾದರೂ ಬಳಿದರೆ, ಬಿಸಿಲಿನ ಬಹುಭಾಗವು ಹಿಂದಿರುಗಿ ಹೋಗುವುದು. ಧೂಳು ಕುಳಿತಂತೆ ಈ ಗುಣವು ಕುಗ್ಗುವುದರಿಂದ, ವರ್ಷಕ್ಕೊಮ್ಮೆ ಶಿವರಾತ್ರಿಗೆ ಮುಂಚೆಯೇ ಚಾವಣಿಯನ್ನು ತೊಳೆದು ಸುಣ್ಣವನ್ನು ಹೊಸದಾಗಿ ಬಳಿಯಿಸತಕ್ಕದ್ದು.

ಎರಡನೆಯದು ಪಶ್ಚಿಮದ ಗೋಡೆ. ಇಳಿಹೊತ್ತಿನ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜವು ಅದನ್ನು ತಡೆಯಲಾರದು. ಆ ಕಡೆಗೆ ದೊಡ್ಡ ಗಾಜನ್ನಿಡಿಸುವುದು ಶೋಭೆಗೆ ಸರಿ, ಖರ್ಚಿಗೆ ಸರಿಯಲ್ಲ. ಸ್ಥಳವಿದ್ದರೆ ಹೊಂಗೆ ಅಥವಾ ಬೇವನ್ನು ನೆಡುವುದು ಮೇಲು.

ದೊಮ್ಮಲೂರಿನ ನಿದರ್ಶನ

ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿ ಟೆರಿ ಎಂಬ ಸಂಶೋಧನ ಸಂಸ್ಥೆಯ ಕಛೇರಿಯಿದೆ. ಇದರ ವಿನ್ಯಾಸಕಾರರು ವಾಸ್ತುಶಿಲ್ಪಿ ಸಂಜಯ್ ಮೋಹೆಯವರು. ನಿವೇಶನದ ದಕ್ಷಿಣಕ್ಕೆ ದುರ್ಗಂಧದ ಚರಂಡಿಯಿದ್ದುದರಿಂದ ಆ ಕಡೆಗೆ ಕಿಟಕಿಗಳನ್ನಿಡದೆ, ನಡುವೆ ಟೊಳ್ಳಿರುವ ಜೋಡುಗೋಡೆಯನ್ನು ಎತ್ತಿ, ಹೊರಮೈಗೆ ಕಪ್ಪು ಕಲ್ಲನ್ನು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ. ಟೊಳ್ಳಿನಲ್ಲಿರುವ ಗಾಳಿಯು ಬಿಸಿಯಾಗಿ ಮೇಲೇರಿ ಹೊರಬೀಳುತ್ತದೆ. ತೆರವಾದ ಸ್ಥಳಕ್ಕೆ ಉತ್ತರದ ಕಡೆಯಿಂದ ತಂಗಾಳಿಯು ಕಛೇರಿಯನ್ನು ಹಾದು ಬರುತ್ತದೆ. ಹೀಗೆ ಬಿಸಿಲೇ ಬೀಸಣಿಗೆಯ ಕೆಲಸವನ್ನು ಮಾಡುವುದು. ಮೂರು ಸಾವಿರ ಅಡಿಗಳ ಎತ್ತರದ ಈ ಊರಿನಲ್ಲಿ ರಾತ್ರಿಗಳು ತಂಪಾಗಿರುವುದರಿಂದ, ಮೇಲೊಂದು ಕೆಳಗೊಂದು ಗವಾಕ್ಷವಿಟ್ಟರೆ ಸಾಮಾನ್ಯ ಮಳಿಗೆಗೂ ಇದರ ಫಲವು ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ಯಂತ್ರದ ಪಾಲನೆ

ಇಷ್ಟಾದ ಮೇಲೂ ಯಂತ್ರವು ಅವಶ್ಯವಾದರೆ, ಈ ಕೆಳಗಿನ ಅಂಶಗಳು ಗಮನಿಸತಕ್ಕವು.

1. ಕೊಳ್ಳುವಾಗ ಹೆಚ್ಚು ನಕ್ಷತ್ರಗಳ ಗುರುತುಳ್ಳದ್ದನ್ನೇ ಆರಿಸಬೇಕು. ಈ ಗುರುತನ್ನು ಕೊಡುವ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯು 2002ರಲ್ಲಿ ಸ್ಥಾಪಿತವಾಯಿತು.

2. ಯಂತ್ರವನ್ನು 24 ಡಿಗ್ರಿಯಲ್ಲಿರಿಸಿ, ಜೊತೆಗೆ ಫ್ಯಾನನ್ನು ತಿರುಗಿಸುವುದು ಲೇಸು. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಂತೆ ವಿದ್ಯುತ್ತು ಉಳಿಯುವುದೆಂದು ಮೇಲ್ಕಂಡ ಸಂಸ್ಥೆಯ ಎಣಿಕೆ. 20ರ ಬದಲು 24ರಲ್ಲಿಟ್ಟರೆ ಐದರಲ್ಲೊಂದು ಪಾಲಿಗೆ ಕಡಮೆಯಿಲ್ಲದ ಉಳಿತಾಯವಾಗುತ್ತದೆ.

3. ಗಾಳಿ ಸೋಸುವ ಜಾಲರಿಯನ್ನು ಆಗಾಗ್ಗೆ ತೊಳೆಯಬೇಕು. ಹೊರಗಿಡುವ ಪೆಟ್ಟಿಗೆಯು ನೆರಳಿನಲ್ಲಿದ್ದು, ಗಾಳಿಯಾಡುವಂತಿರಬೇಕು.

4. ಹಳೆಯ ತಂತಿದೀಪಗಳು ಪಡೆದ ವಿದ್ಯುತ್ತಿನ ಬಹುಭಾಗವನ್ನು ಶಾಖವಾಗಿಸುತ್ತವೆ. ಅವನ್ನು ತೆಗೆದು ಎಲ್.ಇ.ಡಿ. ದೀಪಗಳನ್ನು ಹಾಕಿದರೆ, ದೀಪದ ಖರ್ಚೂ ತಂಪಿನ ಖರ್ಚೂ ಇಳಿಯುವುವು.

ಬಿಸಿನೀರು

ವಸತಿಗೃಹಗಳಲ್ಲಿ ಪ್ರತಿಯೊಂದು ಸ್ನಾನದ ಮನೆಗೂ ವಿದ್ಯುತ್ ಗೀಸರನ್ನಿಡುವ ಬದಲು ಚಾವಣಿಯ ಮೇಲೆ ಸೌರ ಜಲತಾಪಕವನ್ನು ದಕ್ಷಿಣಾಭಿಮುಖವಾಗಿ ನಿಲ್ಲಿಸಬೇಕು. ಕೊಳವೆಗಳಿಗೆ ಶಾಖನಿರೋಧಕವಾದ ಹೊದಿಕೆಯನ್ನು ಸುತ್ತದಿದ್ದರೆ ಗಳಿಸಿದ ಶಾಖವು ದಾರಿಯಲ್ಲಿಯೇ ಸೋರಿಹೋಗುವುದು. ಮೋಡದ ದಿನಗಳಿಗೆ ಮಾತ್ರ ವಿದ್ಯುತ್ತಿನ ನೆರವು ಸಾಕು.

ಮಾಲೀಕರ ಕರ್ತವ್ಯ

ಚಾವಣಿಯ ಸುಣ್ಣ, ಮರದ ಪಾಲನೆ, ಜಾಲರಿಯ ಶುದ್ಧಿ, ಇವುಗಳ ಹೊಣೆ ಯಾರದೆಂಬುದನ್ನು ಬಾಡಿಗೆಯ ಕರಾರಿನಲ್ಲಿಯೇ ಬರೆಯಿಸುವುದು ಉಚಿತ. ಚಾವಣಿ ಮತ್ತು ಮರ ಮಾಲೀಕನದು, ಯಂತ್ರದ ಪಾಲನೆ ಬಾಡಿಗೆದಾರನದು ಎಂದಾದರೆ ಇಬ್ಬರಿಗೂ ನ್ಯಾಯ. ಮೊದಲು ನೆರಳು, ಆಮೇಲೆ ಗಾಳಿ, ಕಡೆಗೆ ಯಂತ್ರ: ಈ ಕ್ರಮವನ್ನು ಗ್ರಾಮದ ಮುಖಂಡರು ತಾವು ಅನುಸರಿಸಿ, ಹೊಸದಾಗಿ ಕಟ್ಟಿಸುವವರಿಗೆ ಪಾಯ ತೋಡುವ ಮುನ್ನವೇ ತಿಳಿಯಹೇಳುವುದು ಮೇಲು. ಕಟ್ಟಿದ ಗೋಡೆಯ ದಿಕ್ಕನ್ನು ಅನಂತರ ತಿರುಗಿಸಲಾಗದು.