ಪೊಟ್ಟಣದ ಗಾತ್ರವೂ ಕಾಫಿಯ ತೂಕವೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆ ಕಾಫಿಪುಡಿಯನ್ನು ಕಣ್ಣೆದುರಿಗೇ ತೂಗಿಸಿ ಕೊಳ್ಳುವ ರೂಢಿ ಇಂದಿಗೂ ಉಂಟು. ಅಲ್ಲಿ ತಕ್ಕಡಿಯೇ ಸಾಕ್ಷಿ. ಮುಚ್ಚಿದ ಪೊಟ್ಟಣವನ್ನು ಕೊಳ್ಳುವಾಗಲಾದರೋ ನಾವು ಕಣ್ಣಳತೆಯನ್ನು ನಂಬುತ್ತೇವೆ. ಈ ನಂಬಿಕೆ ಸರಿಯೆ?

ಗಾತ್ರ ಬೇರೆ, ತೂಕ ಬೇರೆ. ಕಾಫಿಬೀಜವನ್ನು ಹುರಿದಾಗ ಮುಖ್ಯವಾಗಿ ನೀರಿನ ಅಂಶ ಹೊರಟುಹೋಗಿ, ತೂಕ ಸುಮಾರು ಶೇಕಡ 15ರಿಂದ 20ರಷ್ಟು ಇಳಿಯುತ್ತದೆ. ಆದರೆ ಒಳಗಿನ ನೀರಾವಿ ಮತ್ತು ಇಂಗಾಲದ ಡೈ ಆಕ್ಸೈಡಿನ ಒತ್ತಡದಿಂದ ಬೀಜ ಉಬ್ಬುತ್ತದೆ, ಸಾಂದ್ರತೆ ಕುಗ್ಗುತ್ತದೆ. ಆದುದರಿಂದ ಪೊಟ್ಟಣ ದೊಡ್ಡದಾದ ಮಾತ್ರಕ್ಕೆ ಒಳಗಿನ ಸರಕು ಹೆಚ್ಚೆನ್ನಲಾಗದು.

ಈಗ ಲೆಕ್ಕಕ್ಕೆ ಬರೋಣ. 120 ರೂಪಾಯಿಯ ಪೊಟ್ಟಣದಲ್ಲಿ ಮೊದಲು 200 ಗ್ರಾಂ ಇದ್ದು, ಈಗ 160 ಗ್ರಾಂ ಮಾತ್ರ ಇದೆಯೆಂದು ಭಾವಿಸಿರಿ. ತೂಕ ಇಳಿದದ್ದು ಶೇಕಡ 20. ಗ್ರಾಮಿನ ಬೆಲೆಯೋ 60 ಪೈಸೆಯಿಂದ 75 ಪೈಸೆಗೆ, ಎಂದರೆ ಶೇಕಡ 25ರಷ್ಟು ಏರಿತು! ಮುಂದೆ ಅದೇ ಪೊಟ್ಟಣದ ಮೇಲೆ ‘ಶೇಕಡ 20 ಉಚಿತ’ ಎಂದು ಅಚ್ಚಾದರೂ ದೊರೆಯುವುದು 192 ಗ್ರಾಂ. ಹಿಂದಿನದಕ್ಕಿಂತ 8 ಗ್ರಾಂ ಕಡಿಮೆಯೇ.

ಚಿಕೋರಿ ಬೆರೆತಿದ್ದರೆ ಇನ್ನೊಂದು ಲೆಕ್ಕವಿದೆ. ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆಯಿರಕೂಡದೆಂಬುದು ನಿಯಮ. ಎಂದರೆ 200 ಗ್ರಾಮಿನಲ್ಲಿ ನಿಜವಾದ ಕಾಫಿ 102 ಗ್ರಾಂ ಮಾತ್ರ ಇರಬಹುದು. ಈ ಪ್ರಮಾಣವನ್ನು ಚೀಟಿಯಲ್ಲಿ ಕಾಣಿಸಿರಬೇಕು.

ಕಿಲೋಗ್ರಾಮಿಗಿಂತ ಕಡಿಮೆ ತೂಕದ ಪೊಟ್ಟಣಗಳ ಮೇಲೆ ಗ್ರಾಮಿನ ಬೆಲೆಯನ್ನೂ ಮುದ್ರಿಸಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾಯಿತು. ವಿದ್ಯಾರ್ಥಿಗಳು ಮನೆಯಲ್ಲಿರುವ ಎರಡು ಪೊಟ್ಟಣಗಳನ್ನು ತೆಗೆದುಕೊಂಡು, ಬೆಲೆಯನ್ನು ನಿವ್ವಳ ತೂಕದಿಂದ ಭಾಗಿಸಿ, ಯಾವುದು ಅಗ್ಗವೆಂದು ತಾವೇ ನಿರ್ಣಯಿಸಲಿ.